ಹೆಸರು ಹೇಳಿ ಕೊಟ್ಟ ಮಡಕೆ

ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಚೆಕಿಂಗ್. ಹೊಲಿದು ಬಂದ ಅಂಗಿಯನ್ನು ಒಳಗು ಹೊರಗು ಮಾಡಿ, ಬಿಟ್ಟ ದಾರ, ಓರೆಯಾದ ಹೊಲಿಗೆ, ಸಡಿಲವಾದ ಗುಂಡಿ ಹುಡುಕಿ ತೆಗೆಯುವುದು. ಅರ್ಧ ಆಯುಸ್ಸು ಅದರಲ್ಲೇ ಹೋಯಿತು. ಫ್ಯಾಕ್ಟರಿ ಬಿಟ್ಟು ಮನೆಯಲ್ಲಿ ಕೂತ ಮೇಲೂ ಕಣ್ಣು ಸುಮ್ಮನಾಗಲಿಲ್ಲ. ಬಾಡಿಗೆಗೆ ಬಂದವರನ್ನು, ಹಾಲಿನವನನ್ನು, ಸಿಲಿಂಡರ್ ಹೊತ್ತು ತರುವವನನ್ನು, ಎಲ್ಲರನ್ನೂ ಒಮ್ಮೆ ಒಳಗು ಹೊರಗು ಮಾಡಿಯೇ ನೋಡುತ್ತೇನೆ. ಅಣ್ಣ ತಂಗಿ ಎಂದೂ ನೋಡದೆ ನನ್ನನ್ನು ಸಂಶಯ ಪಿಶಾಚಿ ಎನ್ನುತ್ತಾನೆ. ಎನ್ನಲಿ. ವರ್ತೂರಿನ ಸುತ್ತಮುತ್ತ ಸಂಶಯಪಡದವರ ಜಮೀನು ಏನಾಯಿತೆಂದು ನಾನು ನೋಡಿದ್ದೇನೆ.

ನಮ್ಮದು ಕುಂಬಾರರ ಮನೆ. ಕೆರೆಯ ಕಡೆಗೆ ಇಳಿಯುವ ನಮ್ಮ ಬೀದಿಯಲ್ಲಿ ಮೊದಲು ಮನೆಗೊಂದು ಚಕ್ರ ತಿರುಗುತ್ತಿತ್ತು. ಈಗ ತಿರುಗುವುದು ನಮ್ಮದೊಂದೇ. ಉಳಿದವರು ಇದ್ದ ಜಾಗದಲ್ಲಿ ಮಹಡಿಯ ಮೇಲೆ ಮಹಡಿ ಎತ್ತಿ ಬಾಡಿಗೆಗೆ ಕೊಟ್ಟಿದ್ದಾರೆ. ಅವರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ, ಹಿತ್ತಲಲ್ಲಿ ಕಟ್ಟಿಸಿದ ರೂಮುಗಳ ಬಾಡಿಗೆಯಲ್ಲೇ ನನ್ನ ಊಟ ನಡೆಯುವುದು. ಅಣ್ಣ ಬೆಳಿಗ್ಗೆ, ಸಂಜೆ ಸ್ಕೂಲ್ ವ್ಯಾನ್ ಓಡಿಸುತ್ತಾನೆ, ನಡುವಿನ ಹೊತ್ತಿನಲ್ಲಿ ಚಕ್ರದ ಮುಂದೆ ಕೂರುತ್ತಾನೆ. ನಮ್ಮಲ್ಲಿ ಹೆಂಗಸರು ಚಕ್ರ ಮುಟ್ಟುವುದಿಲ್ಲ. ಮಣ್ಣು ತುಳಿಯುವುದು, ಹಸಿ ಮಡಕೆಯನ್ನು ತಟ್ಟಿ ಹಿಗ್ಗಿಸುವುದು, ಬಣ್ಣ ಬರೆಯುವುದು ಎಲ್ಲ ಅತ್ತಿಗೆಯದು. ಮಡಕೆ ಸುಡುವ ಆವಿಗೆ ಮನೆಯ ಪಕ್ಕದ ಖಾಲಿ ಜಾಗದಲ್ಲಿದೆ. ಸೊಂಟದೆತ್ತರದ ದುಂಡನೆಯ ಮಣ್ಣಿನ ಗೋಡೆ, ಒಳಗೆ ಬೂದಿ. ನೋಡುವವರಿಗೆ ಅದು ಪಾಳು ಬಾವಿ, ನಮಗೆ ಅದು ದೇವರ ಮನೆಗೆ ಸಮ.

ಆ ಜಾಗದ ಮೇಲೆ ನೀರಿನ ಟ್ಯಾಂಕರ್ ಇಟ್ಟುಕೊಂಡಿರುವ ಎದುರು ಬೀದಿಯವನ ಕಣ್ಣಿತ್ತು. ಟ್ಯಾಂಕರ್ ನಿಲ್ಲಿಸಲು ಬಾಡಿಗೆಗೆ ಕೊಡಿ, ಗೋಡೆ ಕೆಡವಿ ಜಲ್ಲಿ ಹಾಕಿಸುವುದು ನನ್ನ ಖರ್ಚು ಎಂದು ಅಣ್ಣನ ಬೆನ್ನು ಹತ್ತಿದ್ದ. ಅಣ್ಣನಿಗೂ ವಯಸ್ಸಾಗಿತ್ತು. ಊರಿನ ಕೊಳಚೆಯೆಲ್ಲ ಸೇರಿದ ಕೆರೆಯ ಮಣ್ಣು ಮುಟ್ಟುವ ಹಾಗಿಲ್ಲ, ಕೈ ಕೆರೆದುಕೊಳ್ಳಬೇಕಾಗುತ್ತದೆ. ಮಾಲೂರಿನ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಮಣ್ಣು ತರಿಸಬೇಕು. ಆವಿಗೆ ಹೊತ್ತಿಸಿದರೆ ಹೊಗೆ ಬಂತೆಂದು ಅಪಾರ್ಟ್‌ಮೆಂಟಿನವರು ಪೊಲೀಸರಿಗೆ ಫೋನ್ ಮಾಡುತ್ತಾರೆ. ಒಂದು ದಿನ ಊಟಕ್ಕೆ ಕೂತಾಗ ಅಣ್ಣ ಮಾತು ಮುಗಿಸಿಬಿಟ್ಟ.

"ದೀಪಾವಳಿ ತನಕ ನೋಡ್ತೀನಿ. ಆವಿಗೆ ತುಂಬೋಷ್ಟು ಕೆಲಸ ಬಂದ್ರೆ ಸರಿ. ಇಲ್ಲಾಂದ್ರೆ ಟ್ಯಾಂಕರ್‌ನವನಿಗೆ ಹೂಂ ಅಂದ್ಬಿಡ್ತೀನಿ."

ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅತ್ತಿಗೆ ಆವಿಗೆಯ ಗೋಡೆಗೆ ಕೆಮ್ಮಣ್ಣು ಸಾರಿಸುತ್ತಿದ್ದಳು.

ಇಂಥ ಹೊತ್ತಿನಲ್ಲಿ ಆ ಮೇಡಂ ಬಂದರು. ಬೆಳ್ಳಂದೂರಿನ ಕಡೆ ಅಪಾರ್ಟ್‌ಮೆಂಟಿನಲ್ಲಿ ವಾಸ, ಊರು ಹಾವೇರಿಯ ಹತ್ತಿರ. ಹಣೆಯಲ್ಲಿ ತೆಳುವಾಗಿ ವಿಭೂತಿ, ಕೈಮಗ್ಗದ ಸೀರೆ, ಕಾಲಿಗೆ ಓಡುವವರ ಬೂಟು. ಸೀರೆಗೂ ಬೂಟಿಗೂ ಹೊಂದದಿರುವುದನ್ನು ನಾನು ಮೊದಲು ಗಮನಿಸಿದೆ. ಬ್ಯಾಂಕಿನ ಕೆಲಸದಿಂದ ಬೇಗ ನಿವೃತ್ತಿ ತೆಗೆದುಕೊಂಡು, ಸುತ್ತಲಿನ ಹಳ್ಳಿಗಳ ಹಳೆಯ ಕಸುಬು ತೋರಿಸಲು ಐಟಿ ಕಂಪನಿಗಳ ಜನರನ್ನು ಶನಿವಾರ ಶನಿವಾರ ಕರೆತರುತ್ತಾರಂತೆ. ಬಂದವರು ನೋಡಿ, ಕೈ ಮಣ್ಣು ಮಾಡಿಕೊಂಡು, ಏನಾದರೂ ಕೊಂಡು ಹೋಗುತ್ತಾರೆ, ನಿಮಗೂ ನಾಲ್ಕು ಕಾಸು ಆಗುತ್ತದೆ ಎಂದರು.

"ಎಷ್ಟು ಚಂದ ಐತ್ರಿ ಈ ಜಾಗ. ನಿಮ್ಮದು ಎಲ್ಲೀತನಕ ಬರ್ತೈತ್ರಿ?" ಎಂದು ಕೇಳಿದರು.

ಮಡಕೆ ನೋಡಲು ಬಂದವರಿಗೆ ಜಾಗದ ಎಲ್ಲೆ ಏಕೆ? ನನ್ನ ತಲೆಯಲ್ಲಿ ಅಲ್ಲೇ ಹುಳ ಬಿತ್ತು. ಹತ್ತು ಹದಿನೈದು ವರ್ಷಗಳಲ್ಲಿ ನಮ್ಮ ಬೀದಿಗೆ ಬಂದ ಬ್ರೋಕರುಗಳೆಲ್ಲ ಮೊದಲು ಚಂದ ಎಂದವರೇ. ಬೇವಿನ ಮರ ಚಂದ ಎಂದರು, ಗಾಳಿ ಚಂದ ಎಂದರು, ಆಮೇಲೆ ಖಾತೆ ಯಾರ ಹೆಸರಿನಲ್ಲಿದೆ ಎಂದು ಕೇಳಿದರು. ಈಗ ವಿಭೂತಿ ಹಚ್ಚಿದ ಹೆಂಗಸನ್ನು ಮುಂದೆ ಬಿಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ ಎಂದುಕೊಂಡೆ. ಅಣ್ಣನಿಗೆ ಹೇಳಿದೆ. ಅವನು ನಕ್ಕ.

"ನಿನ್ ಕಣ್ಣಲ್ಲಿ ಯಾರು ಒಳ್ಳೇವ್ರು ಹೇಳು ನೋಡಣ."

ಮುಂದಿನ ವಾರ ಮೇಡಂ ಒಬ್ಬ ಯುವಕನನ್ನು ಕರೆತಂದರು. ಅವನು ಟೇಪು ಹಿಡಿದು ಆವಿಗೆಯ ಸುತ್ತ ಅಳೆದ, ಬೇವಿನ ಮರದಿಂದ ಗೇಟಿಗೆ ಅಳೆದ. ಬಂದವರು ಕೂರಲು ಕಲ್ಲುಬೆಂಚು, ಹೆಂಗಸರಿಗೆ ಒಂದು ಬಚ್ಚಲು ಎಂದು ಮೇಡಂ ಹೇಳಿದರು. ಎರಡು ದಿನ ಬಿಟ್ಟು ನಾನು ಕಾಡುಗೋಡಿಗೆ ಹೋಗಲು ಬಸ್ಸಿಗೆ ಕಾಯುತ್ತಿದ್ದಾಗ ಅವರ ಬಿಳಿ ಕಾರು ಟ್ಯಾಂಕರಿನವನ ಆಫೀಸಿನ ಮುಂದೆ ನಿಂತಿತ್ತು. ನಾನು ಬಸ್ಸು ಬಿಟ್ಟು ಎಳನೀರು ಅಂಗಡಿಯ ಮರೆಯಲ್ಲಿ ನಿಂತೆ. ಮೇಡಂ ನಗುತ್ತಾ ಹೊರಬಂದರು. ಅವನು ಕಾರಿನ ತನಕ ಬಂದು ಕೈ ಮುಗಿದ. ಅವನು ಕೈ ಮುಗಿದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಇನ್ನು ಹೇಳುವುದೇನಿದೆ ಎಂದುಕೊಂಡು ಮನೆಗೆ ಬಂದೆ.

"ಅತ್ತಿಗೆ, ಇಬ್ಬರೂ ಒಂದೇ. ಆಯಮ್ಮ ನಮ್ಮನ್ನ ಮರಳು ಮಾಡಿ ಜಾಗ ಬಿಡಿಸ್ತಾಳೆ ನೋಡ್ತಿರು," ಎಂದೆ.

ಅತ್ತಿಗೆ ಮಣ್ಣು ತುಳಿಯುತ್ತಲೇ ಇದ್ದಳು. "ಬರ್ಲಿ ಬುಡು ಅಮ್ಮಣ್ಣಿ. ಮಡಕೆ ನೋಡಕ್ಕೆ ಅಂತ ನಾಕು ಜನ ಬಂದು ಏಸು ಕಾಲ ಆಯ್ತು," ಎಂದಳು. ಅವಳ ದನಿಯಲ್ಲಿ ಆಸೆ ಇತ್ತು. ಆ ಆಸೆಯನ್ನು ಕೇಳಿಯೇ ನನಗೆ ಇನ್ನಷ್ಟು ಸಿಟ್ಟು ಬಂದದ್ದು.

ಬಂದವರಿಗೆ ಏನು ತೋರಿಸುವುದೆಂಬ ಮಾತು ಬಂದಾಗ ಮೇಡಂ ಅರಿವೇಣಿಯನ್ನು ಹಿಡಿದುಕೊಂಡರು. ನಮ್ಮ ಸೀಮೆಯ ಮದುವೆಗಳಲ್ಲಿ ಮೊದಲಿನಿಂದ ಬಂದ ಶಾಸ್ತ್ರ ಅದು. ಮದುವೆ ಮನೆಯ ಹೆಂಗಸರು ವಾಲಗ ಊದಿಸಿಕೊಂಡು ಕುಂಬಾರರ ಮನೆಗೆ ಬಂದು, ಚಕ್ರಕ್ಕೆ ಪೂಜೆ ಮಾಡಿ, ಅಕ್ಕಿ, ಬೆಲ್ಲ, ಕಾಯಿ, ಕುಪ್ಪಸದ ಕಣ ಕೊಟ್ಟು, ಸುಣ್ಣದ ಮೇಲೆ ಕೆಮ್ಮಣ್ಣಿನ ಗೆರೆ ಬರೆದ ಮಡಕೆಗಳನ್ನು ತಲೆಯ ಮೇಲಿಟ್ಟುಕೊಂಡು ಒಯ್ಯುತ್ತಾರೆ. ಅದಕ್ಕೆ ಬೆಲೆ ಕೇಳುವಂತಿಲ್ಲ, ಚೌಕಾಸಿ ಮಾಡುವಂತಿಲ್ಲ. ಮೇಡಂ ಕಣ್ಣರಳಿಸಿದರು.

"ನಮ್ಮ ಕಡೆ ಇದಕ್ಕ ಐರಾಣಿ ಅಂತೀವ್ರಿ ಅಕ್ಕಾರ. ನನ್ನ ಮದುವ್ಯಾಗೂ ತಂದಿದ್ರು. ಇದನ್ನ ಮಾಡಿ ತೋರ್ಸೋಣ್ರಿ. ಬಂದವ್ರು ಬೀಗರಂಗ ಬರ್ಲಿ, ನೀವು ಕೊಡ್ರಿ."

ಮೊದಲ ಶನಿವಾರ ವ್ಯಾನಿನಲ್ಲಿ ಜನ ಬಂದರು. ಟೆಕ್ ಪಾರ್ಕಿನ ಹುಡುಗ ಹುಡುಗಿಯರು, ಕುತ್ತಿಗೆಯಲ್ಲಿ ಇನ್ನೂ ಕಂಪನಿಯ ಕಾರ್ಡು. ಮೇಡಂ ವಾಲಗದವರನ್ನೂ ಕರೆಸಿದ್ದರು. ಎಷ್ಟೋ ದಿನದ ಮೇಲೆ ಬೀದಿಯಲ್ಲಿ ವಾಲಗ ಕೇಳಿ ಬಾಡಿಗೆಯವರೆಲ್ಲ ಬಾಲ್ಕನಿಗೆ ಬಂದು ನಿಂತರು. ಅತ್ತಿಗೆ ತನ್ನ ಮದುವೆಯ ಸೀರೆ ಉಟ್ಟಿದ್ದಳು. ಅವಳು ಅಷ್ಟು ಲಕ್ಷಣವಾಗಿ ಕಂಡದ್ದು ನನಗೆ ಹೆಮ್ಮೆ ಎನಿಸಿತು, ಅದನ್ನು ಯಾರಿಗೂ ತೋರಿಸದೆ ಗೇಟಿನ ಬಳಿ ನಿಂತು ಯಾರು ಎಲ್ಲಿ ಕಾಲಿಡುತ್ತಾರೆಂದು ಕಾವಲು ಕಾದೆ. ಮಡಕೆ ಕೊಡುವ ಮುಂಚೆ ಅತ್ತಿಗೆ ದೀಪದ ಮುಂದೆ ನಿಂತು ಕೇಳಬೇಕಾದದ್ದನ್ನು ಕೇಳಿದಳು.

"ಯಾರ ಮದ್ವೆ? ಎಣ್ಣಿನ ಎಸ್ರೇನು, ಗಂಡಿನ ಎಸ್ರೇನು?"

ಬಂದವರು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕೆಂದರು. ತಮ್ಮ ಟೀಮಿನ ಇಬ್ಬರನ್ನು ಮುಂದೆ ತಳ್ಳಿ ಅವರ ಹೆಸರು ಕೂಗಿದರು. ಆ ಇಬ್ಬರೂ ಕೆಂಪಾದರು, ಉಳಿದವರು ಚಪ್ಪಾಳೆ ಹೊಡೆದರು. ಅತ್ತಿಗೆ ನಗಲಿಲ್ಲ. ಎರಡು ಹೆಸರನ್ನೂ ಚಕ್ರದ ಮುಂದೆ ಹೇಳಿ, ಮಡಕೆಗಳಿಗೆ ಅರಿಶಿನ ಕುಂಕುಮ ಹಚ್ಚಿ, ಒಂದೊಂದಾಗಿ ಅವರ ಕೈಗೆ ಇಟ್ಟಳು. ಕೊನೆಯ ಸಣ್ಣ ಮಡಕೆಯನ್ನು ಮೇಡಂ ಕೈಗೆ ಇಟ್ಟಳು. ಅವರು ಅದನ್ನು ಎದೆಗೆ ಒತ್ತಿಕೊಂಡು ಏನೋ ಮಣಮಣ ಎಂದರು. ಏನೆಂದರೆಂದು ಕೇಳಿಸಲಿಲ್ಲ. ಅದನ್ನೂ ಗಂಟು ಹಾಕಿ ಇಟ್ಟುಕೊಂಡೆ.

ಎರಡನೆಯ ಶನಿವಾರ ಬೇರೆ ಕಂಪನಿಯ ಗುಂಪು ಬಂತು. ಮತ್ತೆ ವಾಲಗ, ಮತ್ತೆ ನಗು. ಅತ್ತಿಗೆ ಮಡಕೆಗಳ ಮೇಲೆ ಹೊದಿಸಿದ ಬಟ್ಟೆ ತೆಗೆಯದೆ ಮೇಡಂ ಕಡೆ ತಿರುಗಿದಳು.

"ಓದ ವಾರ ಒಯ್ದೋರ ಮದ್ವೆ ಯಾವತ್ತು?"

"ಅಯ್ಯ, ಅದು ಬರೇ ತೋರ್ಸಾಕ್ರಿ ಅಕ್ಕಾರ. ಅವ್ರಿಬ್ರೂ ಒಂದ ಆಫೀಸ್‌ನಾಗ ಕೆಲಸ ಮಾಡ್ತಾರ, ಅಷ್ಟ."

ಅತ್ತಿಗೆ ಬಟ್ಟೆಯ ಅಂಚನ್ನು ಮಡಕೆಗಳ ಕೆಳಗೆ ಸಿಕ್ಕಿಸಿದಳು. ನನಗೆ ಆಗ ಅರ್ಥವಾಯಿತು. ನಾವೆಲ್ಲ ನಾಟಕ ಎಂದುಕೊಂಡಿದ್ದೆವು, ಅವಳು ನಿಜವಾಗಿ ಕೊಟ್ಟಿದ್ದಳು. ಮೇಡಂ ಬಾಯಲ್ಲಿ ತೋರಿಸಲಿಕ್ಕೆ ಎಂದರೂ, ಮದುವೆ ಗೊತ್ತಾದವರೇ ಊರು ನೋಡುವ ನೆಪದಲ್ಲಿ ಶಾಸ್ತ್ರಕ್ಕೂ ಬಂದಿದ್ದಾರೆ, ಈಗಿನವರು ಎಲ್ಲವನ್ನೂ ಹೀಗೇ ಮಾಡುತ್ತಾರೆ ಎಂದು ತಿಳಿದಿದ್ದಳು. ಹೆಸರು ಹೇಳಿ ಕೊಟ್ಟ ಅರಿವೇಣಿ ಮದುವೆ ಕಾಣದೆ ಉಳಿಯಬಾರದು. ಗೊತ್ತಾದ ಮದುವೆ ಮುರಿದರೆ ಮಡಕೆಗಳನ್ನು ಹಿಂದಕ್ಕೆ ತಂದುಕೊಡಬೇಕು, ಕೊಟ್ಟ ಕೈಯೇ ಒಡೆದು ಆ ಓಡನ್ನು ಆವಿಗೆಯ ಮೇಲೆ ಹೊದಿಸಬೇಕು. ಇದನ್ನು ಅಮ್ಮ ಮಾಡುವುದನ್ನು ನಾನೇ ಕಂಡಿದ್ದೇನೆ.

"ಒಯ್ದಿದ್ದು ಎಲ್ಲಾ ವಾಪಸ್ ಬರ್ಬೇಕು. ಅಲ್ಲೀಗಂಟ ನಾನು ಒಂದು ಮಡಕೇನೂ ಕೊಡಕ್ಕಿಲ್ಲ," ಎಂದು ಅತ್ತಿಗೆ ಒಳಗೆ ಹೋದಳು.

ಬಂದ ಗುಂಪು ಕೈಕಟ್ಟಿ ನಿಂತಿತು. ಮೇಡಂ ನನ್ನಿಂದ ಶಾಸ್ತ್ರ ಕೇಳಿ ತಿಳಿದು, ಅವರನ್ನು ಸಮಾಧಾನ ಮಾಡಿ ವ್ಯಾನು ಹತ್ತಿಸಿದರು. ಅಣ್ಣ ತಲೆಯ ಮೇಲೆ ಕೈಹೊತ್ತು ಕೂತ. ಮನೆಗೆ ಬಂದ ಕೆಲಸವನ್ನು ಅತ್ತಿಗೆಯೇ ಕಾಲಿನಿಂದ ಒದ್ದಳಲ್ಲ ಎಂಬ ಸಂಕಟ ಅವನದು. ಆಯಮ್ಮ ಇನ್ನು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ, ಮುಖವಾಡ ಕಳಚಿತು ಎಂದು ನಾನು ಒಳಗೊಳಗೇ ಹಿಗ್ಗಿದೆ.

ಆದರೆ ಅವರು ವಾರದೊಳಗೆ ಬಂದರು. ಕಾರಿನ ಹಿಂದಿನ ಸೀಟಿನಲ್ಲಿ ಹಳೆಯ ದುಪ್ಪಟಿ ಸುತ್ತಿದ ಮಡಕೆಗಳು. ಒಬ್ಬರ ಮನೆಯಲ್ಲಿ ಮನಿ ಪ್ಲಾಂಟ್ ನೆಟ್ಟಿದ್ದರಂತೆ, ಇನ್ನೊಬ್ಬರ ಆಫೀಸಿನ ಮೇಜಿನ ಮೇಲೆ ಪೆನ್ನು ತುಂಬಿಸಿಟ್ಟಿದ್ದರಂತೆ. ಎಲ್ಲರ ಹತ್ತಿರವೂ ಹೋಗಿ, ಕೈ ಮುಗಿದು ಕೇಳಿ ತಂದಿದ್ದರು. ಅತ್ತಿಗೆ ಒಂದೊಂದನ್ನೂ ಕಣ್ಣಿಗೆ ಒತ್ತಿಕೊಂಡು ಇಳಿಸಿಕೊಂಡಳು. ನಾನು ಚೆಕಿಂಗಿನವಳು, ಸುಮ್ಮನಿರುವುದುಂಟೇ? ಕೊನೆಯ ಸಣ್ಣ ಮಡಕೆ ಇರಲಿಲ್ಲ.

"ಅದು ಒಡೆದ್ಹೋತ್ರಿ," ಎಂದರು ಮೇಡಂ, ಬೂಟಿನ ಕಡೆ ನೋಡುತ್ತಾ.

"ಒಡೆದಿದ್ರೆ ಓಡು ಎಲ್ಲಿ ಮೇಡಂ? ಓಡೇ ಬೇಕು ನಮಗೆ," ಎಂದೆ.

"ಮನ್ಯಾಗ ಐತೇನೋ, ನೋಡ್ತೀನ್ರಿ."

"ನಾನೂ ಬರ್ತೀನಿ ನಡೀರಿ."

ಅವರು ಬೇಡ ಎನ್ನುವ ಮುಂಚೆಯೇ ನಾನು ಕಾರಿನಲ್ಲಿ ಕೂತಿದ್ದೆ. ಬೆಳ್ಳಂದೂರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವನು ನನ್ನನ್ನು ನೋಡಿ, ಹೊಸದಾಗಿ ಮನೆಕೆಲಸಕ್ಕಾ ಎಂದು ಕೇಳಿದ. ನಾನು ಅವನನ್ನು ನುಂಗುವ ಹಾಗೆ ನೋಡಿದೆ. ಲಿಫ್ಟ್ ಮೇಲೇರುವಾಗ ನನ್ನ ಮನಸ್ಸಿನಲ್ಲಿ ಲೆಕ್ಕ ಸ್ಪಷ್ಟವಾಗಿತ್ತು. ನಮ್ಮ ಮಡಕೆಯನ್ನು ಎಲ್ಲೋ ದೊಡ್ಡ ಅಂಗಡಿಗೆ ಮಾದರಿಯಾಗಿ ಕೊಟ್ಟಿದ್ದಾರೆ, ಯಂತ್ರದಲ್ಲಿ ಅಂಥದ್ದೇ ಮಾಡಿಸುತ್ತಾರೆ, ನಮ್ಮನ್ನು ಎತ್ತಂಗಡಿ ಮಾಡುತ್ತಾರೆ.

ಬಾಗಿಲು ತೆಗೆದದ್ದು ಅವರ ಮಗಳು. ಮೂವತ್ತು ದಾಟಿದವಳು, ಕಿವಿಯ ಮೇಲೆ ಹೆಡ್‌ಫೋನು, ಕೈಯಲ್ಲಿ ಲ್ಯಾಪ್‌ಟಾಪು. ನನ್ನ ಸೆರಗಿಗೆ ಅಂಟಿದ ಕೆಮ್ಮಣ್ಣು ನೋಡಿ ನಕ್ಕು, "ಮಮ್ಮೀ, ದೇವರ ಮನೆ ಮಡಕೆಯವ್ರು ಬಂದ್ರಾ?" ಎಂದು ಮತ್ತೆ ಮೀಟಿಂಗಿಗೆ ಹೋದಳು.

ಮಡಕೆ ದೇವರ ಮನೆಯಲ್ಲಿ ಇತ್ತು. ಸ್ವಲ್ಪವೂ ಒಡೆದಿರಲಿಲ್ಲ. ಲಿಂಗದ ಪಕ್ಕದಲ್ಲಿ, ಅಕ್ಕಿಯ ಮೇಲೆ, ಬಾಯಿಗೆ ಹೊಸ ಕುಪ್ಪಸದ ಕಣ ಕಟ್ಟಿಸಿಕೊಂಡು ಕೂತಿತ್ತು. ದಿನಾ ಹೂವು ಏರಿಸುತ್ತಿದ್ದರೆಂದು ಸುತ್ತ ಬಾಡಿದ ಎಸಳುಗಳೇ ಹೇಳುತ್ತಿದ್ದವು.

"ಸುಳ್ಳು ಹೇಳಿದೆ, ತಪ್ಪಾತ್ರಿ," ಎಂದರು ಮೇಡಂ. ದನಿ ತಗ್ಗಿಸಿದರು, ಪಕ್ಕದ ಕೋಣೆಗೆ ಕೇಳಬಾರದೆಂದು. "ಮದುವಿ ಬ್ಯಾಡ ಅಂತಾಳ್ರಿ ಇಕಿ. ವರ್ಷಗಟ್ಟಲೆ ಹೇಳಿ ಸಾಕಾಗಿ ಬಿಟ್ಟುಬಿಟ್ಟೀನಿ. ಅವತ್ತು ಅಕ್ಕಾರು ಕೈಯಾಗ ಮಡಕಿ ಇಟ್ರಲ್ಲ, ಅಷ್ಟೂ ಹುಡುಗರು ಆ ಇಬ್ಬರ ಹೆಸರು ಒದರ್ತಿದ್ರು. ನಾ ಸುಮ್ನ ನನ್ನ ಮಗಳ ಹೆಸರು ಹೇಳಿಬಿಟ್ಟೆ. ಹೇಳಿದ ಮ್ಯಾಲ ಒಡಿಯಾಕ ಹೆಂಗ ಕೊಡ್ಲಿ?"

ಆ ತಾಯಿಯನ್ನು ನೋಡಿ ನನಗೆ ಅಯ್ಯೋ ಎನಿಸಿತು. ಆದರೂ ಮಡಕೆ ಅತ್ತಿಗೆಯದು, ತೀರ್ಮಾನವೂ ಅವಳದೇ. ವಾಪಸ್ಸು ಬರುವಾಗ ಮಡಕೆ ನನ್ನ ಮಡಿಲಲ್ಲಿತ್ತು, ರಸ್ತೆಯ ಗುಂಡಿಗಳಲ್ಲಿ ಕಾರು ಕುಲುಕಿದಾಗಲೆಲ್ಲ ಎರಡೂ ಕೈಯಲ್ಲಿ ಅವಚಿಕೊಂಡೆ. ಇದ್ದುದನ್ನು ಕೇಳಿಯೇ ಬಿಡೋಣವೆಂದು ಟ್ಯಾಂಕರಿನವನ ಆಫೀಸಿಗೆ ಹೋಗಿದ್ದು ಏಕೆ ಎಂದೆ.

"ಶನಿವಾರ ಮುಂಜಾನೆ ಬೀದ್ಯಾಗ ಟ್ಯಾಂಕರ್ ನಿಲ್ಸಬ್ಯಾಡ್ರಿ, ನಮ್ಮ ವ್ಯಾನ್ ಒಳಗ ಬರಂಗಿಲ್ಲ ಅಂತ ಕೇಳಾಕ ಹೋಗಿದ್ನಿ. ಯಾಕ್ರಿ?"

"ಸುಮ್ನೆ ಕೇಳ್ದೆ," ಎಂದೆ. ಅವನು ಕೈ ಏಕೆ ಮುಗಿದ ಎಂದೂ ಕೇಳಿದೆ. ಅವರ ಅಪಾರ್ಟ್‌ಮೆಂಟಿಗೆ ಬೇಸಿಗೆಯಲ್ಲಿ ನೀರು ಹೊಡೆಯುವವನು ಅವನೇ, ಅಸೋಸಿಯೇಷನ್ನಿನಲ್ಲಿ ಇವರದೂ ಒಂದು ಮಾತು ನಡೆಯುತ್ತದಂತೆ. ಉತ್ತರ ಸರಿಯಾಗಿಯೇ ಇತ್ತು. ತಿರುವಿ ನೋಡಿದರೂ ಬಿಟ್ಟ ದಾರ ಸಿಗಲಿಲ್ಲ.

ಅತ್ತಿಗೆ ಆವಿಗೆಯ ಹತ್ತಿರ ಓಡುಗಳನ್ನು ಜೋಡಿಸುತ್ತಿದ್ದಳು. ಉಳಿದ ಮಡಕೆಗಳನ್ನೆಲ್ಲ ಆಗಲೇ ಒಡೆದಾಗಿತ್ತು. ಅವಳ ಕಣ್ಣು ಕೆಂಪಾಗಿತ್ತು. ಮೇಡಂ ಅವಳ ಮುಂದೆ ಮಣ್ಣಿನಲ್ಲೇ ಕೂತು ಎಲ್ಲವನ್ನೂ ಹೇಳಿದರು. ಸ್ಕೂಲ್ ವ್ಯಾನಿಗೆ ಹೊರಟಿದ್ದ ಅಣ್ಣನೂ ನಿಂತು ಕೇಳಿದ. ಅತ್ತಿಗೆ ಮಡಕೆಯನ್ನು ಕೈಗೆ ತೆಗೆದುಕೊಂಡು, ಬೆರಳಿನಿಂದ ಒಮ್ಮೆ ಬಡಿದು ಸದ್ದು ಕೇಳಿ, ಹಿಂದಕ್ಕೆ ಮೇಡಂ ಮಡಿಲಿಗೇ ಇಟ್ಟಳು.

"ಇದು ಸುಳ್ಳು ಎಸ್ರಿಗೆ ಓಗಿದ್ದಲ್ಲ. ಎತ್ತ ತಾಯಿ ಏಳಿದ್ದು. ಇದನ್ನ ಒಡೆಯಕ್ಕೆ ನಾನ್ಯಾರು? ಮಡಿಕ್ಕಳಿ, ಕಾಯ್ತದೆ."

ಮೇಡಂ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಬೇವಿನ ಮರದ ಕಡೆ ತಿರುಗಿದೆ.

ಅಲ್ಲಿಂದಾಚೆ ನಾಟಕದ ಮದುವೆ ನಿಂತಿತು. ಶನಿವಾರ ಬಂದವರು ಹಣತೆ ಒತ್ತುತ್ತಾರೆ, ಮೊಸರಿನ ಕುಡಿಕೆಗೆ ಬಣ್ಣ ಬರೆಯುತ್ತಾರೆ, ಅಣ್ಣನ ಚಕ್ರದ ಮುಂದೆ ಕೂತು ಮಣ್ಣನ್ನು ಸೊಟ್ಟ ಮಾಡುತ್ತಾರೆ. ವಾಲಗ ಇಲ್ಲ, ಸೀರೆ ಇಲ್ಲ, ಹಾಗಾಗಿ ಬರುವವರೂ ಕಡಿಮೆ. ದೀಪಾವಳಿ ಹತ್ತಿರ ಬಂದರೂ ಆವಿಗೆ ಅರ್ಧವೂ ತುಂಬುವ ಹಾಗಿರಲಿಲ್ಲ. ಒಂದು ಸಂಜೆ ಟ್ಯಾಂಕರಿನವನು ಉತ್ತರ ಕೇಳಲು ಗೇಟಿಗೆ ಬಂದ. ಎದ್ದು ಹೊರಟ ಅಣ್ಣನನ್ನು ಅತ್ತಿಗೆ ಕೂತಲ್ಲಿಂದಲೇ ತಡೆದಳು. ಅವಳ ಕೈಯಲ್ಲಿ ಸುಣ್ಣದ ಮಡಕೆ, ಕೆಮ್ಮಣ್ಣಿನ ಕಡ್ಡಿ.

"ಒಂದು ಎಸ್ರಿನ ಮಡಕೆ ಆಚೆ ಓಗ್ಯದೆ. ಅದ್ರ ಜೊತೆ ಮಡಕೆಗೋಳು ಆ ಎಣ್ಣಿನ ಮದ್ವೆ ದಿನ ಇದೇ ಆವಿಗೇಲಿ ಬೆಂದು ಓಗ್ಬೇಕು. ಅಲ್ಲೀಗಂಟ ಆವಿಗೆ ಕದಲುಸ್ಬಾರ್ದು. ಕದಲುಸುದ್ರೆ ಆ ಎಣ್ಣಿಗೂ ಒಳ್ಳೇದಲ್ಲ, ನಮ್ಗೂ ಒಳ್ಳೇದಲ್ಲ."

ಅಣ್ಣ ನಿಂತಲ್ಲೇ ನಿಂತ. ಯಾವುದಕ್ಕೂ ಹೆದರದವನು ಶಾಸ್ತ್ರಕ್ಕೆ ಹೆದರುತ್ತಾನೆ. ಕತ್ತು ಕೆರೆದುಕೊಂಡು ನನ್ನ ಕಡೆ ನೋಡಿದ. "ಹೌದೇನಮ್ಮ? ಅಮ್ಮ ಹಂಗೆ ಹೇಳ್ತಿದ್ಳಾ?"

ನಾನು ಈ ಮನೆಯಲ್ಲಿ ಹುಟ್ಟಿದವಳು, ಅತ್ತಿಗೆ ಆಮೇಲೆ ಬಂದವಳು. ಅಮ್ಮ ಅರಿವೇಣಿ ಕೊಡುವುದನ್ನು ನೋಡುತ್ತಲೇ ಬೆಳೆದಿದ್ದೇನೆ. ಮುರಿದ ಮದುವೆಯ ಮಡಕೆ ಒಡೆಯುವುದು ಗೊತ್ತು, ಓಡು ಹೊದಿಸುವುದು ಗೊತ್ತು. ಆವಿಗೆ ಕದಲಿಸಬಾರದೆಂಬ ಶಾಸ್ತ್ರವನ್ನು ನಾನು ಅಮ್ಮನ ಬಾಯಲ್ಲಿ ಒಂದು ದಿನವೂ ಕೇಳಿರಲಿಲ್ಲ. ಅತ್ತಿಗೆಯನ್ನು ನೋಡಿದೆ. ತಲೆ ತಗ್ಗಿಸಿ ಗೆರೆ ಎಳೆಯುತ್ತಿದ್ದಳು. ಮದುವೆಯಾಗಿ ಬಂದ ದಿನದಿಂದ ಅವಳ ಗೆರೆ ಓರೆಯಾದದ್ದನ್ನು ನಾನು ಕಂಡಿಲ್ಲ. ಆವತ್ತು ನಡುವೆ ಒಂದು ಕಡೆ ಸೊಟ್ಟಗಾಗಿತ್ತು.

"ಹೂಂ ಕಣಣ್ಣ. ಹೇಳ್ತಿದ್ಳು," ಎಂದೆ.

ಟ್ಯಾಂಕರಿನವನು ಗೊಣಗುತ್ತಾ ಹೋದ. ಅತ್ತಿಗೆ ಆ ಮಡಕೆಯನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದುಕೊಂಡಳು. ನಾವಿಬ್ಬರೂ ಆ ಮಾತನ್ನು ಇವತ್ತಿಗೂ ಎತ್ತಿಲ್ಲ.

ಮೇಡಂ ಈಗಲೂ ಶನಿವಾರ ಬರುತ್ತಾರೆ. ಗೇಟು ತೆಗೆಯುತ್ತಾ ನಾನು ಮೊದಲು ಕೇಳುವುದು ಅವರ ಮಗಳ ವಿಚಾರವನ್ನೇ.

"ಏನಂತಾಳೆ ಮಗಳು?"

"ಇನ್ನೂ ಬ್ಯಾಡ ಅಂತಾಳ್ರಿ ಅಕ್ಕಾರ."

"ಅವಸರ ಮಾಡ್ಬೇಡಿ ಮೇಡಂ," ಎನ್ನುತ್ತೇನೆ. "ನಿಧಾನಕ್ಕೆ ಆಗ್ಲಿ."